ಸತ್ಯಾಂಶ: ಕಾರಿನ ತಾಪಮಾನದ ನಾಬ್ ಬಿಸಿಗೆ ತಿರುಗಿಸಿದರೆ ಎಸಿ ಕಂಪ್ರೆಸರ್ ನಿಲ್ಲುತ್ತದೆಯೇ?

‘ನಾಬ್ ಕೆಂಪು ಕಡೆಗೆ ತಿರುಗಿಸಿ, ಕಂಪ್ರೆಸರ್ ಓಡಲ್ಲ, ಡೀಸೆಲ್ ಉಳಿಯುತ್ತೆ’ ಎಂಬ ಫಾರ್ವರ್ಡ್ ಚಿಕ್ಕಮಗಳೂರಿನ ಮಳೆಗಾಲದ ಸಂಗಾತಿ. ತಪ್ಪು.

ಎಸಿ ಬಟನ್ ಒತ್ತಿದ್ದರೆ ಕಂಪ್ರೆಸರ್ ಓಡುತ್ತದೆ. ಗಾಳಿ ಮೊದಲು ಇವಾಪರೇಟರ್ (ಎಸಿಯ ತಣ್ಣನೆಯ ಸುರುಳಿ) ಮೇಲೆ ಹಾಯ್ದು ತೇವ ಬಿಡುತ್ತದೆ, ಆಮೇಲೆ ಹೀಟರ್ ಕೋರ್‌ನಲ್ಲಿ ಬಿಸಿಯಾಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಒಳಗಾಜಿನ ಮಬ್ಬು ಬೇಗ ಬಿಡಿಸುವುದು ಈ ಒಣ ಬಿಸಿಗಾಳಿಯೇ. ಹಲವು ಕಾರುಗಳಲ್ಲಿ ಮುಂಗಾಜಿನ ಡಿಫಾಗ್ (ಮಬ್ಬು ಬಿಡಿಸುವ) ಬಟನ್ ಒತ್ತಿದರೆ ಕಂಪ್ರೆಸರ್ ತಾನಾಗಿಯೇ ಶುರುವಾಗುತ್ತದೆ. ರೀಸರ್ಕ್ಯುಲೇಶನ್ (ಒಳಗಿನ ಗಾಳಿಯನ್ನೇ ಮತ್ತೆ ಸುತ್ತಿಸುವುದು) ಮಾತ್ರ ಆಫ್ ಇರಲಿ. ಇಲ್ಲದಿದ್ದರೆ ಉಸಿರಿನ, ಒದ್ದೆ ಛತ್ರಿಯ ತೇವ ಒಳಗೇ ಸುತ್ತುತ್ತದೆ.

ಕಂಪ್ರೆಸರ್ ತಾನೇ ನಿಲ್ಲುವುದೂ ಉಂಟು: ಇವಾಪರೇಟರ್ 0 ಡಿಗ್ರಿ ಸಮೀಪಿಸಿದಾಗ, ಹಿಮಗಟ್ಟದಿರಲೆಂದು. ಕ್ಲಚ್ (ಎಂಜಿನ್‌ಗೆ ಜೋಡಿಸಿ ಬಿಡಿಸುವ ಭಾಗ) ಇರುವ ಕಂಪ್ರೆಸರ್ ಆಗಾಗ ‘ಟಕ್’ ಎಂದರೆ ಗಾಬರಿ ಬೇಡ. ಕೆಲವೇ ಸೆಕೆಂಡಿಗೊಮ್ಮೆ ಎಂದರೆ ಎಸಿ ಗ್ಯಾಸ್ ಕಡಿಮೆಯಾಗಿರಬಹುದು. ತುಂಬಿಸುವ ಮೊದಲು ಸೋರಿಕೆ ಹುಡುಕಿಸಿ.