ಆತೆಯ ಸಂಜೆ ನಾಲ್ಕು ಗಂಟೆ

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಊಟಕ್ಕೆ ಹೋಗಿದ್ದ ಮನೆಯಲ್ಲಿ, ಮಗು ನೋಡಿಕೊಳ್ಳುವ ಫಿಲಿಪೀನ್ಸ್ ಹುಡುಗಿ ಅಡುಗೆಮನೆ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಸೀರಿಯಲ್ ನೋಡುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. "ಇವರದ್ದು ಬರೀ ಇದೇ, ಕೆನ್ನೆಗೆ ಬಾರಿಸೋದು, ಅಳೋದು" ಅಂತ ಒಬ್ಬರು ನಕ್ಕರು. ಉಳಿದವರೂ ನಕ್ಕರು. ಅವಳು ಮೊಬೈಲ್ ಮಗುಚಿಟ್ಟು ತಟ್ಟೆ ತೊಳೆಯಲು ಎದ್ದಳು.

ಆ ಮೊಬೈಲ್ ಮಗುಚಿಟ್ಟಿದ್ದು ನನಗೆ ತಡೆಯಲಾಗಲಿಲ್ಲ.

ನರ್ಸಾಗಿ ದುಬೈಗೆ ಬಂದ ಹೊಸತರಲ್ಲಿ ನಾನು ಯಾರ ಜತೆ ರೂಮಿನಲ್ಲಿದ್ದೆ ಅಂತ ಹೇಳುತ್ತೇನೆ. ನಮ್ಮ ವಾರ್ಡಿನ ಸೀನಿಯರ್ ನರ್ಸ್, ಫಿಲಿಪೀನ್ಸಿನ ಇಲೋಯಿಲೋ ಊರಿನವಳು. ನಾನು ಅವಳನ್ನು 'ಆತೆ' ಅಂತಲೇ ಕರೆಯುತ್ತಿದ್ದೆ, ಅವರಲ್ಲಿ ಅಕ್ಕ ಅಂತ. ನೈಟ್ ಡ್ಯೂಟಿ ಇದ್ದ ದಿನ ಸಂಜೆ ನಾಲ್ಕಕ್ಕೆ ಏಳುತ್ತಿದ್ದಳು. ಆಗ ಅವರ ಊರಲ್ಲಿ ರಾತ್ರಿ ಎಂಟು. ವಿನಿಗರ್ ಬಾಟಲಿಗೆ ಮೊಬೈಲ್ ಒರಗಿಸಿ ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತಿದ್ದಳು, ಲ್ಯಾಪ್‌ಟಾಪಿನಲ್ಲಿ 'ಆಂಗ್ ಪ್ರೊಬಿನ್ಸ್ಯಾನೋ' ಅನ್ನೋ ಸೀರಿಯಲ್ ಹಾಕುತ್ತಿದ್ದಳು. ಅಲ್ಲಿ ಅಮ್ಮ, ಇಲ್ಲಿ ಮಗಳು. ಇಬ್ಬರ ನಡುವೆ ಮಾತೂ ಜಾಸ್ತಿ ಇರುತ್ತಿರಲಿಲ್ಲ. ಒಟ್ಟಿಗೆ ಅನ್ನ ಉಣ್ಣುತ್ತಾ ಒಂದೇ ಕಥೆ ನೋಡುತ್ತಿದ್ದರು, ಅಷ್ಟೇ. ಆ ಹೊತ್ತಿನಲ್ಲಿ ಅವಳು ಮನೆಯಲ್ಲಿರುತ್ತಿದ್ದಳು. ಇದನ್ನು ನೋಡಿ ನಗೋದಾ?

ಕಥೆ ಎಳೆಯುತ್ತಾರೆ, ಒಪ್ಪಿದೆ. ಕೋಕೋ ಮಾರ್ಟಿನ್ ಪೊಲೀಸ್ ಆಗಿ ನಟಿಸಿದ ಆ ಸೀರಿಯಲ್ 2015ರಲ್ಲಿ ಶುರುವಾಗಿ 2022ರಲ್ಲಿ ಮುಗಿಯಿತು. 1,696 ಕಂತು! ಅವರ ಸೀರಿಯಲ್‌ಗಳಲ್ಲಿ ಕಪಾಳಮೋಕ್ಷ, ಕಿಡ್ನ್ಯಾಪ್, ಅದಲು ಬದಲಾದ ಕೂಸು, ಎಲ್ಲ ಇರುತ್ತೆ. ಆದರೆ ಆ ಅದಲು ಬದಲಾದ ಕೂಸಿನ ಕಥೆಯಲ್ಲಿ ಏನಿದೆ ಅಂತ ಯಾರಾದರೂ ನೋಡಿದ್ದೀರಾ? 1992ರ 'ಮಾರಾ ಕ್ಲಾರಾ'ದಲ್ಲಿ ಶ್ರೀಮಂತರ ಮಗಳು ಬಡವರ ಮನೆಯಲ್ಲಿ ಬೆಳೆಯುತ್ತಾಳೆ, ಬಡವರ ಮಗಳು ಬಂಗಲೆಯಲ್ಲಿ. ಗುಟ್ಟೆಲ್ಲ ಒಂದು ಡೈರಿಯಲ್ಲಿ. ಬೀದಿಗೊಂದೇ ಟಿವಿ ಇದ್ದ ಕಾಲದಲ್ಲಿ ಪಕ್ಕದ ಮನೆ ಕಿಟಕಿಗೆ ಜೋತುಬಿದ್ದು ಅದನ್ನು ನೋಡಿದೆ ಅಂತ ಆತೆ ಹೇಳುತ್ತಿದ್ದಳು. ಅಲ್ಲಿ ಸೀರಿಯಲ್‌ಗೆ ಹೇಳುವ 'ಟೆಲೆಸೆರ್ಯೆ' ಅನ್ನುವ ಹೆಸರನ್ನೇ ಮನೆಮಾತು ಮಾಡಿದ 2000ದ 'ಪಂಗಾಕೋ ಸಾ ಯೋ'ದಲ್ಲೂ ಅಷ್ಟೇ. ದೊಡ್ಡ ಮನೆಯ ಕೆಲಸದವಳನ್ನು ಹೊರಗೆ ಹಾಕುತ್ತಾರೆ, ಅವಳು ದುಡ್ಡುಳ್ಳವಳಾಗಿ ತಿರುಗಿ ಬರುತ್ತಾಳೆ. ಬೇರೆಯವರ ಮನೆಯಲ್ಲಿ ದುಡಿಯುವ ಹುಡುಗಿ ಇಂಥ ಕಥೆಗೆ ಅಳದೆ ಇನ್ಯಾವುದಕ್ಕೆ ಅಳಬೇಕು?

2022ರಲ್ಲಿ ಇನ್ನೊಂದು ಬಂತು, 'ಮರಿಯಾ ಕ್ಲಾರಾ ಅಟ್ ಇಬಾರ್ರಾ'. ಈಗಿನ ಕಾಲದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಫಿಲಿಪೀನ್ಸಿನ ಲೇಖಕ ಹೊಸೆ ರಿಸಾಲ್ 1887ರಲ್ಲಿ ಪ್ರಕಟಿಸಿದ ಕಾದಂಬರಿಯೊಳಗೇ ಹೋಗಿಬಿಡುತ್ತಾಳೆ. ಸ್ಪೇನಿನವರ ಆಳ್ವಿಕೆಯನ್ನು ಕಣ್ಣಾರೆ ನೋಡಿ ಎದುರು ಮಾತಾಡುತ್ತಾಳೆ. "ನೋಡು, ನಮ್ಮಂಥ ನರ್ಸೇ ಹೀರೋಯಿನ್" ಅಂತ ಆತೆ ಬೀಗಿದ್ದು ನೆನಪಿದೆ.

ಇವು ಬರೀ ಅಳು ಅನ್ನುವವರಿಗೆ ಇನ್ನೊಂದು ಮಾತು. 'ಆಂಗ್ ಪ್ರೊಬಿನ್ಸ್ಯಾನೋ' ಬರುತ್ತಿದ್ದ ಎಬಿಎಸ್-ಸಿಬಿಎನ್ ವಾಹಿನಿಯನ್ನು 1972ರಲ್ಲಿ ಆಗಿನ ಅಧ್ಯಕ್ಷ ಮಾರ್ಕೋಸ್ ಮಾರ್ಷಲ್ ಲಾ (ಸೇನಾ ಆಡಳಿತ) ತಂದಾಗ ಮುಚ್ಚಿಸಿದ್ದರು. 1986ರಲ್ಲಿ ತಿರುಗಿ ಶುರುವಾಯಿತು. 2020ರ ಮೇ 5ಕ್ಕೆ, ಲಾಕ್‌ಡೌನ್ ಮಧ್ಯೆ, ಪರವಾನಗಿ ಮುಗಿಯಿತು ಅಂತ ಮತ್ತೆ ಅದರ ಆಂಟೆನಾ ಪ್ರಸಾರ ನಿಲ್ಲಿಸಿದರು. ಆತೆಯ ಅಮ್ಮನ ಮನೆಯಲ್ಲಿ ಇದ್ದದ್ದು ಆಂಟೆನಾ ಟಿವಿ. ಅವತ್ತು ಆಕೆ ಕಪ್ಪು ಪರದೆಯ ಕಡೆ ಮೊಬೈಲ್ ತಿರುಗಿಸಿ ತೋರಿಸಿದರು. ಇಬ್ಬರೂ ಸುಮ್ಮನೆ ಕೂತಿದ್ದರು.

ನಾನೂ ಒಂದು ತಪ್ಪು ಮಾಡಿದ್ದೇನೆ. ಶಿವಮೊಗ್ಗಕ್ಕೆ ರಜೆಗೆ ಹೋದಾಗ ಒಂದು ಸಂಜೆ "ಆ ಸೀರಿಯಲ್ ಆರಿಸಮ್ಮ, ತಲೆನೋವು" ಅಂತ ರೇಗಿದ್ದೆ. ಅಮ್ಮ ಏನೂ ಅನ್ನದೆ ಆರಿಸಿದಳು. ನಿನ್ನೆ ಆ ಹುಡುಗಿ ಮೊಬೈಲ್ ಮಗುಚಿದಾಗ ನನಗೆ ಕಂಡಿದ್ದು ಅಮ್ಮನ ಕೈಯಲ್ಲಿದ್ದ ರಿಮೋಟು.

ಹೊರಡುವ ಮುಂಚೆ ಅಡುಗೆಮನೆಗೆ ಹೋಗಿ "ಆಮೇಲೆ ಏನಾಯ್ತು?" ಅಂತ ಅವಳನ್ನು ಕೇಳಿದೆ. ಕೈ ಒರೆಸಿಕೊಂಡು ಮೊದಲಿನಿಂದ ಹೇಳತೊಡಗಿದಳು. ಲಿಫ್ಟ್ ಎರಡು ಸಲ ಬಂದು ಹೋಯಿತು.