ಅವ್ವನ ಕಿವಿ ಸರಿಯಾಗಿಯೇ ಇದೆ

ನಿನ್ನೆ ರವಿವಾರ ಮಧ್ಯಾಹ್ನದ ಆಟಕ್ಕೆ ಅವ್ವನನ್ನು ಕರೆದುಕೊಂಡು ಹುಬ್ಬಳ್ಳಿಯ ಹಳೆಯ, ಭರ್ಜರಿ ಟಾಕೀಸೊಂದಕ್ಕೆ ಹೋಗಿದ್ದೆ. ಯಾವ ಟಾಕೀಸು ಎಂದು ಕೇಳಬೇಡಿ. ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಚೆನ್ನಾಗಿವೆ ಎಂದು ಯಾರಾದರೂ ತಿಳಿದುಕೊಂಡಾರು. 74 ವರ್ಷದ ಅವ್ವ ಮೊಣಕಾಲು ನೋವನ್ನು ನುಂಗಿಕೊಂಡು ಬಾಲ್ಕನಿಯ ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿ ಕುಳಿತು ಉಸಿರು ಬಿಟ್ಟು, ಎತ್ತರದ ಛತ್ತಿನ ಹೂಬಳ್ಳಿಗಳನ್ನೂ ಈ ಗೋಡೆಯಿಂದ ಆ ಗೋಡೆಯವರೆಗೆ ಹರಡಿದ ಪರದೆಯನ್ನೂ ನೋಡಿ, "ಟಾಕೀಸ ಅಂದ್ರ ಇದು ನೋಡು. ಆ ಮಾಲಿನ್ಯಾಗಿಂದು ಬರೇ ಖೋಲಿ" ಎಂದಳು. ನನಗೆ ಆದ ಹೆಮ್ಮೆಯನ್ನು ನೋಡಿದ್ದರೆ ಆ ಟಾಕೀಸನ್ನು ನಾನೇ ಕಟ್ಟಿಸಿದ್ದೇನೆ ಎಂದು ನೀವು ಭಾವಿಸುತ್ತಿದ್ದಿರಿ. ಆ ಹೆಮ್ಮೆ ಸಿನಿಮಾ ಶುರುವಾಗುವವರೆಗೆ ಇತ್ತು.

ಮೊದಲ ದೃಶ್ಯದಲ್ಲಿಯೇ ಅವ್ವ ನನ್ನ ಕಡೆ ಬಾಗಿ "ಏನಂದಾ ಅಂವಾ?" ಎಂದು ಕೇಳಿದಳು. ಹೇಳಿದೆ. ಎರಡು ನಿಮಿಷಕ್ಕೆ ಮತ್ತೆ "ಏನಂದಳು?" ಎಂದಳು. ಹೇಳಿದೆ. ಐದನೆಯ ಸಲಕ್ಕೆ ನನ್ನ ತಾಳ್ಮೆ ತಪ್ಪಿ, "ಸುಮ್ಮನ ಕೂಡವಾ, ಮಂದಿ ನೋಡಾಕತ್ತಾರ" ಎಂದು ಗದರಿದೆ. ಅವಳು ಆಮೇಲೆ ಏನನ್ನೂ ಕೇಳಲಿಲ್ಲ. ಸೆರಗನ್ನು ಸರಿಮಾಡಿಕೊಂಡು ಪರದೆಯನ್ನೇ ನೋಡುತ್ತ ಕುಳಿತಳು. ಅವಳಿಗೆ ಕಿವಿ ಮಂದವಾಗಿದೆ, ಬರುವ ವಾರ ಕಿವಿಯ ಡಾಕ್ಟರರಿಗೆ ತೋರಿಸಬೇಕು, ಯಂತ್ರಕ್ಕೆ ಎಷ್ಟು ಖರ್ಚಾದೀತು ಎಂದೆಲ್ಲ ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕತೊಡಗಿದೆ. ಆ ಲೆಕ್ಕದ ನಡುವೆಯೇ ನನಗೆ ಹೊಳೆದದ್ದು ಇಷ್ಟು: ನಾನು ಅವಳಿಗೆ ಹೇಳಿದ ಐದು ಮಾತುಗಳಲ್ಲಿ ಮೂರು ನನ್ನ ಊಹೆಯಾಗಿದ್ದವು. ನನಗೂ ಕೇಳಿಸಿರಲಿಲ್ಲ.

ಸದ್ದು ಕಡಿಮೆ ಇತ್ತೆಂದಲ್ಲ. ಸದ್ದಿಗೆ ಬರಗಾಲವೇ ಇರಲಿಲ್ಲ. ನಾಯಕ ಬಾಗಿಲು ಮುಚ್ಚಿದರೆ ನಮ್ಮ ಕುರ್ಚಿ ನಡುಗುತ್ತಿತ್ತು, ಅವನು ಸಿಟ್ಟಿನಿಂದ ಹೊರಳಿ ನೋಡಿದರೆ ಎದೆಗೆ ಒನಕೆಯಿಂದ ಗುದ್ದಿದಂತಾಗುತ್ತಿತ್ತು. ಆದರೆ ಅದೇ ನಾಯಕ ಬಾಯಿ ತೆರೆದು ತನ್ನ ತಂದೆಗೆ ಏನೋ ಹೇಳುವಾಗ ಹಂಡೆಯೊಳಗೆ ತಲೆಯಿಟ್ಟು ಮಾತನಾಡಿದಂತೆ 'ಆಯಿ', 'ಆಯಿ' ಎಂಬ ಗುಮ್ಮೆನ್ನುವ ದನಿ ಮಾತ್ರ ಬರುತ್ತಿತ್ತು. ಅದು ತಾಯಿಯೋ, ನಾಯಿಯೋ, ಬಾಯಿಯೋ ಎಂಬುದನ್ನು ಸಂದರ್ಭ ನೋಡಿ ನಾವೇ ನಿರ್ಧರಿಸಿಕೊಳ್ಳಬೇಕು. ತಾಯಿಯ ಕುರಿತಾದ ಸಿನಿಮಾದಲ್ಲಿ ಇದು ಸಣ್ಣ ತೊಡಕಲ್ಲ.

ನಮ್ಮ ಕಾಕಾ ಗದಗಿನ ಟಾಕೀಸಿನಲ್ಲಿ ಆಪರೇಟರ್ ಆಗಿದ್ದುದು, ಸೂಟಿಯಲ್ಲಿ ನಾನು ಅವನ ಕ್ಯಾಬಿನ್ನಿನಲ್ಲಿ ಮೂಲೆಯ ಸ್ಟೂಲಿನ ಮೇಲೆ ದಿನಗಳನ್ನು ಕಳೆದದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇದೆ. ಆದ್ದರಿಂದ ಈ ವಿಷಯದಲ್ಲಿ ನನಗೆ ಸಿಟ್ಟು ಸ್ವಲ್ಪ ಬೇಗನೆ ಬರುತ್ತದೆ. ಇಂಟರ್ವಲ್ಲಿನಲ್ಲಿ ಎದ್ದು ಕ್ಯಾಬಿನ್ನಿಗೆ ಹೋದೆ. ಬೀಗ ಹಾಕಿತ್ತು. ಒಳಗೆ ಯಂತ್ರ ತನ್ನಷ್ಟಕ್ಕೆ ತಾನು ನಡೆಯುತ್ತಿತ್ತು. ಬೆಳಿಗ್ಗೆ ಆಟಗಳ ವೇಳೆಯನ್ನು ಕಂಪ್ಯೂಟರಿಗೆ ಕೊಟ್ಟುಬಿಟ್ಟರೆ ರಾತ್ರಿಯವರೆಗೆ ಯಾರೂ ಮುಟ್ಟಬೇಕಾಗಿಲ್ಲ. ಆಪರೇಟರ್ ಹುಡುಗ ಎಲ್ಲಿ ಎಂದು ಕೇಳಿದರೆ, ಅವನು ಕೆಳಗೆ ಪಾಪ್‌ಕಾರ್ನ್ ಕಟ್ಟುತ್ತಿದ್ದ. ಒಳ್ಳೆಯ ಹುಡುಗ, ಮರ್ಯಾದೆಯಿಂದಲೇ ಕೇಳಿಸಿಕೊಂಡ. "ಮಾತು ತಿಳಿವಲ್ವೋ ತಮ್ಮಾ, ನಡುವಿನ ಸ್ಪೀಕರ್ ಸ್ವಲ್ಪ ನೋಡ್ತೀಯೇನು?" ಎಂದೆ. "ಆತ್ರೀ ಸರ್" ಎಂದು ಮೇಲೆ ಓಡಿದ. ಇಂಟರ್ವಲ್ ಮುಗಿದು ಸಿನಿಮಾ ಮತ್ತೆ ಶುರುವಾದಾಗ ಅವನು ಮಾಡಿದ ಉಪಕಾರ ತಿಳಿಯಿತು: ಒಟ್ಟು ಸದ್ದನ್ನು ಇನ್ನಷ್ಟು ಏರಿಸಿದ್ದ. ಮೊದಲು ತಿಳಿಯದ ಮಾತು ಈಗ ಇನ್ನೂ ಜೋರಾಗಿ ತಿಳಿಯದಂತಾಯಿತು.

ನನ್ನ ತಕರಾರು ಇಷ್ಟೇ, ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ನಮ್ಮ ಟಾಕೀಸುಗಳಲ್ಲಿ ಸದ್ದಿದೆ, ಮಾತಿಲ್ಲ. ಮಾತಿನ ಗಟ್ಟಿತನ ಇರುವುದು ಸ್ವರಗಳಲ್ಲಿ, ಅರ್ಥ ಇರುವುದು ವ್ಯಂಜನಗಳಲ್ಲಿ. ಸ್ವರಗಳ ಬಲವೆಲ್ಲ ಬಹುಮಟ್ಟಿಗೆ ಸೆಕೆಂಡಿಗೆ 1,000 ಕಂಪನ, ಅಂದರೆ 1,000 ಹರ್ಟ್ಸ್‌ಗಿಂತ ಕೆಳಗೆ ಇರುತ್ತದೆ. ತ, ಸ, ಕ, ಚಗಳನ್ನು ಒಂದರಿಂದ ಒಂದನ್ನು ಬೇರೆಮಾಡುವ ಸೂಕ್ಷ್ಮಗಳು ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ಆಚೀಚೆ ಇರುತ್ತವೆ. ಪರದೆಯ ಹಿಂದಿನ ಸ್ಪೀಕರಿನಲ್ಲಿ ಈ ಮೇಲಿನ ದನಿ ಹೊಮ್ಮುವುದು ಕಹಳೆಯ ಬಾಯಿಯಂತಹ ಹಾರ್ನ್‌ನಿಂದ, ಅದರ ಬುಡದಲ್ಲಿರುವ ತೆಳ್ಳನೆಯ ಪೊರೆಯಿಂದ. ಸದ್ದನ್ನು ಮಿತಿಮೀರಿ ಏರಿಸಿ ಏರಿಸಿ ಆ ಪೊರೆ ಸುಟ್ಟುಹೋದರೆ ಕೆಳಗಿನ ದೊಡ್ಡ ಸ್ಪೀಕರ್ ಮಾತ್ರ ಗುಡುಗುತ್ತಿರುತ್ತದೆ. ಸ್ವರ ಬದುಕಿರುತ್ತದೆ, ವ್ಯಂಜನ ಸತ್ತಿರುತ್ತದೆ. ಇನ್ನು ಕೆಲವು ಕಡೆ ಪರದೆ ಹಳದಿಯಾಯಿತೆಂದು ಅದಕ್ಕೆ ಬಿಳಿ ಬಣ್ಣ ಹೊಡೆಸುತ್ತಾರೆ. ಪರದೆಯ ತುಂಬ ಸಣ್ಣ ಸಣ್ಣ ತೂತುಗಳಿರುವುದು ಹಿಂದಿನ ಸ್ಪೀಕರಿನ ದನಿ ಹೊರಬರಲಿ ಎಂದು. ಬಣ್ಣ ಆ ತೂತುಗಳನ್ನು ಮುಚ್ಚಿದರೆ ನಾಯಕಿ ಗೋಡೆಯ ಆಚೆಗೆ ನಿಂತು ಪ್ರೇಮ ನಿವೇದನೆ ಮಾಡಿದಂತಾಗುತ್ತದೆ.

ಈಗಿನ ಸಿನಿಮಾದಲ್ಲಿ ಸದ್ದು ಕನಿಷ್ಠ ಆರು ದಾರಿಗಳಲ್ಲಿ ಬರುತ್ತದೆ: ಪರದೆಯ ಹಿಂದೆ ಎಡ, ನಡು, ಬಲ, ಪ್ರೇಕ್ಷಕರ ಸುತ್ತ ಎರಡು, ಗುಡುಗಿಗೆಂದೇ ಒಂದು. ಮಾತೆಲ್ಲ ಬಹುತೇಕ ನಡುವಿನ ಒಂದೇ ದಾರಿಯಲ್ಲಿ ಬರುತ್ತದೆ. ಆ ಒಂದು ಕೆಟ್ಟರೆ ಉಳಿದ ಐದು ಎಷ್ಟು ಚೆನ್ನಾಗಿದ್ದರೂ ಅದು ವರನಿಲ್ಲದ ಮೆರವಣಿಗೆ. ನಮ್ಮಲ್ಲಿ ಆಗಿರುವುದು ಅದೇ. 1993ರಲ್ಲಿ ಡೈನೋಸಾರುಗಳ ಚಿತ್ರದ ಜೊತೆಗೆ ಡಿಟಿಎಸ್ ಎಂಬ ಡಿಜಿಟಲ್ ಸದ್ದಿನ ವ್ಯವಸ್ಥೆ ಬಂದ ಮೇಲೆ ನಮ್ಮ ಊರುಗಳ ಬೋರ್ಡುಗಳ ಮೇಲೂ ಆ ಮೂರು ಅಕ್ಷರಗಳು ಏರಿದವು, ಮತ್ತು ನಮ್ಮ ಮಂದಿಯ ಬಾಯಲ್ಲಿ ಅದಕ್ಕೆ 'ಜೋರು ಸದ್ದು' ಎಂಬ ಒಂದೇ ಅರ್ಥ ಉಳಿಯಿತು. ಬೇರೆ ಸಿ.ಡಿ.ಯಲ್ಲಿದ್ದ ಸದ್ದನ್ನು ರೀಲಿನ ಮೇಲಿನ ಗುರುತುಗಳಿಗೆ ಚಾಚೂ ತಪ್ಪದೆ ಹೊಂದಿಸುತ್ತಿದ್ದ ಅಂತಹ ಜಾಣ ವ್ಯವಸ್ಥೆ ನಮ್ಮ ಕೈಯಲ್ಲಿ ಮದುವೆಯ ಡಿ.ಜೆ.ಗೆ ಅಣ್ಣನಾಯಿತು.

ಕಾಕಾನ ಕಾಲದಲ್ಲಿ ಪರದೆಯ ಹಿಂದೆ ಇದ್ದದ್ದು ನಡುವಿನ ಒಂದೇ ದನಿ. ಅದು ಸ್ವರ್ಗಸದೃಶವಾಗಿತ್ತೆಂದು ನಾನು ಹೇಳುವುದಿಲ್ಲ. ಹಳೆಯ ಪ್ರಿಂಟು ಬಂದರೆ ಪರದೆಯ ಮೇಲೆ ಸದಾ ಮಳೆ, ಕಿವಿಯಲ್ಲಿ ಸದಾ ಚುರುಮುರಿ ಹುರಿಯುವ ಸದ್ದು. ಆದರೆ ಮಾತು ತಿಳಿಯುತ್ತಿತ್ತು, ಏಕೆಂದರೆ ತಿಳಿಯುತ್ತದೆಯೋ ಇಲ್ಲವೋ ಎಂದು ನೋಡುವ ಮನುಷ್ಯನೊಬ್ಬನಿದ್ದ. ಎರಡು ಸಾವಿರ ಅಡಿಯ ರೀಲು ಸುಮಾರು 22 ನಿಮಿಷ ಓಡುತ್ತದೆ. ಆ ಅವಧಿಯಲ್ಲಿ ಯಂತ್ರಕ್ಕೆ ಬೆಳಕು ಕೊಡುವ ಕಾರ್ಬನ್ ಕಡ್ಡಿಗಳು ಉರಿದು ಸವೆದಂತೆ ಅವುಗಳ ನಡುವಿನ ಅಂತರವನ್ನು ಸರಿಪಡಿಸುತ್ತ, ಪರದೆಯ ಬಲಮೂಲೆಯಲ್ಲಿ ಮೊದಲ ಚುಕ್ಕೆ ಕಂಡೊಡನೆ ಎರಡನೆಯ ಯಂತ್ರದ ಮೋಟಾರು ಹಚ್ಚಿ, ಎರಡನೆಯ ಚುಕ್ಕೆಗೆ ಬೆಳಕನ್ನೂ ದನಿಯನ್ನೂ ಈ ಯಂತ್ರದಿಂದ ಆ ಯಂತ್ರಕ್ಕೆ ದಾಟಿಸಬೇಕಿತ್ತು. ಅಷ್ಟರ ನಡುವೆಯೂ ಕಾಕಾ ಹೊಸ ಸಿನಿಮಾದ ಮೊದಲ ಆಟದಲ್ಲಿ ಸಹಾಯಕನಿಗೆ ಯಂತ್ರ ಒಪ್ಪಿಸಿ, ಕೆಳಗಿಳಿದು, ಗಾಂಧಿ ಕ್ಲಾಸಿನ ಹಿಂದಿನ ಗೋಡೆಗೆ ಬೆನ್ನು ಹಚ್ಚಿ ನಿಂತು ಕೇಳುತ್ತಿದ್ದ. ಬಾಲ್ಕನಿಯ ಸಾಹುಕಾರರಿಗೆ ಕೇಳಿಸಿದರೆ ಸಾಲದು, ಎಂಟಾಣೆ ಕೊಟ್ಟು ಬಂದವನಿಗೂ ತಿಳಿಯಬೇಕು ಎನ್ನುತ್ತಿದ್ದ. ನಿನ್ನೆಯ ಹುಡುಗ ತನ್ನ ಟಾಕೀಸಿನಲ್ಲಿ ಕುಳಿತು ಒಂದಾದರೂ ಸಿನಿಮಾ ಪೂರ್ತಿ ನೋಡಿದ್ದಾನೆಯೇ ಎಂಬುದು ನನಗೆ ಸಂಶಯ. ತಪ್ಪು ಅವನದಲ್ಲ, ಪಾಪ್‌ಕಾರ್ನ್ ಯಾರು ಕಟ್ಟಬೇಕು?

ಚಿತ್ರದ ವಿಷಯಕ್ಕೂ ಬರುತ್ತೇನೆ, ಆದರೆ ಬೇಗ ಮುಗಿಸುತ್ತೇನೆ, ಏಕೆಂದರೆ ಕತ್ತಲೆಯ ಬಗ್ಗೆ ಹೇಳುವುದಾದರೂ ಏನು. ಡಿಜಿಟಲ್ ಸಿನಿಮಾದಲ್ಲಿ ಪರದೆಯ ನಡುವೆ 14 ಫುಟ್-ಲ್ಯಾಂಬರ್ಟ್ (ಪರದೆಯ ಬೆಳಕನ್ನು ಅಳೆಯುವ ಮಾನ) ಬೆಳಕಿರಬೇಕೆಂಬುದು ಒಪ್ಪಿತವಾದ ಅಳತೆ. ಪ್ರೊಜೆಕ್ಟರಿನೊಳಗಿನ ಕ್ಸೆನಾನ್ ದೀಪ ಹಳೆಯದಾದಂತೆ ಮಂಕಾಗುತ್ತದೆ, ಅದನ್ನು ಇಂತಿಷ್ಟು ತಾಸಿಗೆ ಬದಲಿಸಬೇಕು. ನಮ್ಮವರು ಅದನ್ನು ನಂದಾದೀಪವೆಂದು ತಿಳಿದಿದ್ದಾರೆ. ತ್ರೀಡಿ ಸಿನಿಮಾ ಹೋದ ಮೇಲೂ ಅದರ ಪೋಲರೈಸರ್ ಗಾಜನ್ನು ಪ್ರೊಜೆಕ್ಟರಿನ ಮುಂದಿನಿಂದ ತೆಗೆಯದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ಅದೇ ತಿಂದುಬಿಡುತ್ತದೆ. ನಿನ್ನೆಯ ಸಿನಿಮಾದ ರಾತ್ರಿಯ ದೃಶ್ಯಗಳಲ್ಲಿ ಪರದೆಗಿಂತ ನಿರ್ಗಮನದ ಕೆಂಪು ದೀಪವೇ ಹೆಚ್ಚು ಪ್ರಕಾಶಮಾನವಾಗಿತ್ತು. ನಾನು ಬಹಳ ಹೊತ್ತು ಅದನ್ನೇ ನೋಡಿದೆ.

ಹಳೆಯ ಕಟ್ಟಡ, ಅಲ್ಲಿ ಇಷ್ಟೇ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಕಟ್ಟಡವನ್ನು ಬೈಯಬೇಡಿ. 1895ರ ಸುಮಾರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸದ ಹಾಲಿನಲ್ಲಿ ಮಾತೇ ತಿಳಿಯದೆ ಹೋದಾಗ ವಾಲೆಸ್ ಸಬೈನ್ ಎಂಬ ತರುಣ ಅಧ್ಯಾಪಕ ಪಕ್ಕದ ಥಿಯೇಟರಿನ ಕುರ್ಚಿಯ ಗಾದಿಗಳನ್ನು ರಾತ್ರಿಯ ಹೊತ್ತು ತರಿಸಿ, ಒಂದೊಂದಾಗಿ ಹಾಲಿನಲ್ಲಿ ಹಾಸುತ್ತ, ಆರ್ಗನ್ ಕೊಳವೆಯ ದನಿ ಅಡಗಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ಅಳೆದ. ಖಾಲಿ ಹಾಲಿನಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಉಳಿಯುತ್ತಿದ್ದ ದನಿ ಗಾದಿ ಹೆಚ್ಚಿದಂತೆ ಬೇಗ ಅಡಗತೊಡಗಿತು. ದನಿಯನ್ನು ಕುಡಿಯುವುದು ಮೆತ್ತನೆಯ ವಸ್ತುಗಳು ಮತ್ತು ಮನುಷ್ಯರ ಮೈ ಎಂಬುದು ಅವನು ಕಂಡುಕೊಂಡ ಲೆಕ್ಕ. ನಮ್ಮ ಟಾಕೀಸುಗಳನ್ನು ಕಟ್ಟಿದವರಿಗೂ ಇದು ಗೊತ್ತಿತ್ತು. ಅದಕ್ಕೇ ಗೋಡೆಗೆ ನಾರಿನ ಹಲಗೆ, ನೆಲ ಮುಟ್ಟುವ ಪರದೆಗಳು, ಗಾದಿಯ ಕುರ್ಚಿಗಳು. ಈಗ ಗಾದಿ ಹರಿದಲ್ಲಿ ಪ್ಲಾಸ್ಟಿಕ್ ಕುರ್ಚಿ ಬಂದಿದೆ, ಹಲಗೆ ಕಿತ್ತಲ್ಲಿ ಸಿಮೆಂಟಿನ ಗಿಲಾಯಿ ಮಾಡಿ ಎಣ್ಣೆಬಣ್ಣ ಹೊಡೆಸಿದ್ದಾರೆ, ಸಾವಿರ ಮಂದಿ ಕೂಡುವಲ್ಲಿ ನಲವತ್ತು ಮಂದಿ ಇದ್ದೇವೆ. ಹಿಂದಿನ ಗೋಡೆ ಮೂವತ್ತು ಮೀಟರು ದೂರವಿದ್ದರೆ ಪರದೆಯಿಂದ ಹೊರಟ ಮಾತು ಅದಕ್ಕೆ ಬಡಿದು ಮರಳಿ ಮುಂದಿನ ಸಾಲಿಗೆ ಬರಲು ಸುಮಾರು 0.17 ಸೆಕೆಂಡು ಬೇಕು, ಅಂದರೆ ಒಂದು ಅಕ್ಷರದ ಹೊತ್ತು; ನಾಯಕ ಎರಡನೆಯ ಅಕ್ಷರ ಹೇಳುವಾಗ ಮೊದಲನೆಯದು ತಿರುಗಿ ಬಂದು ಅದರ ಮೇಲೆ ಕೂಡುತ್ತದೆ. ಗೋಲಗುಮ್ಮಟದಲ್ಲಿ ಇದಕ್ಕೆ ಟಿಕೆಟ್ ಕೊಟ್ಟು ಹೋಗುತ್ತೇವೆ, ನಿಜ, ಆದರೆ ಅಲ್ಲಿ ಯಾರೂ ಕಥೆ ಹೇಳುವುದಿಲ್ಲ.

ಇನ್ನೊಂದು ವಾದ ಬರುತ್ತದೆ, ಬರಲಿ. ಒಂಟಿ ಪರದೆಯ ಟಾಕೀಸಿನವರು ಹೇಗೋ ಬದುಕಿದ್ದಾರೆ, ಕರೆಂಟ್ ಬಿಲ್ಲು ಕಟ್ಟುವುದೇ ಕಷ್ಟ, ಪಕ್ಕದ ಟಾಕೀಸು ಕಾಂಪ್ಲೆಕ್ಸ್ ಆಗಿ ಹೋಗಿರುವಾಗ ಇವರನ್ನು ಇನ್ನಷ್ಟು ಹಂಗಿಸುವುದು ನ್ಯಾಯವೇ ಎಂದು ಗೆಳೆಯನೊಬ್ಬ ಫೋನಿನಲ್ಲಿ ಕೇಳಿದ. ಕಷ್ಟವಿದೆ, ಒಪ್ಪಿದೆ. ನಾನು ಲೇಸರ್ ಪ್ರೊಜೆಕ್ಟರ್ ತರಿಸಿ ಎನ್ನಲಿಲ್ಲ, ಛತ್ತಿನ ತುಂಬ ಸ್ಪೀಕರ್ ತೂಗುಹಾಕಿ ಎನ್ನಲಿಲ್ಲ. ಕ್ಯಾಬಿನ್ನಿನ ಕಿಂಡಿಯ ಗಾಜನ್ನು ಒರೆಸಲು ಹಸಿ ಅರಿವೆ ಸಾಕು. ತ್ರೀಡಿ ಗಾಜು ತೆಗೆಯಲು ಒಂದು ಕೈ ಸಾಕು. ಸದ್ದಿನ ಮಟ್ಟಕ್ಕೆ ಯಂತ್ರದಲ್ಲಿ 7 ಎಂಬ ಅಂಕಿ ಇದೆ, ಚಿತ್ರ ಮಾಡಿದವರು ಅದನ್ನೇ ನಂಬಿ ಸದ್ದನ್ನು ಹೊಂದಿಸಿರುತ್ತಾರೆ. ಅಲ್ಲಿಂದ ಶುರುಮಾಡಿ ಕಿವಿಗೊಟ್ಟು ಕೇಳಿ ಹೆಚ್ಚುಕಡಿಮೆ ಮಾಡಲು ಹತ್ತು ನಿಮಿಷ ಸಾಕು. ಇನ್ನು ಆ ಸುಟ್ಟ ಪೊರೆಯ ಬೆಲೆ, ಮೊದಲ ದಿನ ಕಟೌಟಿಗೆ ಹಾಕುವ ಹಾರ, ಪಟಾಕಿಗಳ ಖರ್ಚಿಗಿಂತ ಕಡಿಮೆಯೇ ಇದ್ದೀತು ಎಂದು ನನ್ನ ಅಂದಾಜು. ಹಾರದ ಖರ್ಚು ಅಭಿಮಾನಿಗಳದು ಎನ್ನಬೇಡಿ, ನನಗೆ ಗೊತ್ತು. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ಜನರೇ ಜೋರು ಸದ್ದು ಕೇಳುತ್ತಾರೆ ಎಂಬುದು ಕೊನೆಯ ಸಮರ್ಥನೆ. ಯಾವ ಜನ? ಗಂಗೂಬಾಯಿ ಹಾನಗಲ್ಲರು ಬಾಳಿದ ಹುಬ್ಬಳ್ಳಿಯ, ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಧಾರವಾಡದ ಜನವೇ? ಸಂಗೀತದ ಬೈಠಕ್ಕಿನಲ್ಲಿ ತಂಬೂರಿ ಶ್ರುತಿಗೆ ಕೂಡುವವರೆಗೆ ಹತ್ತು ನಿಮಿಷ ಕೆಮ್ಮದೆ ಕಾಯುತ್ತೇವೆ, ಷಡ್ಜ ಕೂದಲೆಳೆಯಷ್ಟು ಇಳಿದರೆ ಪಕ್ಕದವನ ಮೊಣಕೈ ತಿವಿಯುತ್ತೇವೆ. ಕಂಪನಿ ನಾಟಕದ ಕಲಾವಿದರು ತಗಡಿನ ಥಿಯೇಟರಿನ ಕೊನೆಯ ಸಾಲಿನವನಿಗೂ ಒಂದೊಂದು ಅಕ್ಷರವನ್ನು ಬಿಡಿಬಿಡಿಯಾಗಿ ಮುಟ್ಟಿಸಿದ್ದನ್ನು ಕಂಡ ಮಂದಿ ನಾವು. ಅದೇ ನಾವು ಟಾಕೀಸಿನೊಳಗೆ ಹೋದೊಡನೆ ಕಿವಿಯನ್ನು ಹೊರಗಿನ ಸ್ಟ್ಯಾಂಡಿನಲ್ಲಿ ಬೈಕಿನ ಜೊತೆ ನಿಲ್ಲಿಸಿ ಬರುತ್ತೇವೆ. ಇಷ್ಟು ಬರೆಯುವ ನಾನು ನಿನ್ನೆ ಸಿನಿಮಾ ಮುಗಿದ ಮೇಲೆ ಮ್ಯಾನೇಜರರ ಕೋಣೆಯ ಮುಂದಿನಿಂದ ಹಾದು ಬಂದೆ. ಬಾಗಿಲು ತೆರೆದಿತ್ತು, ಅವರು ನನ್ನನ್ನು ನೋಡಿ ನಕ್ಕರು, ನಾನೂ ನಕ್ಕೆ. ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಇಲ್ಲಿ ಬರೆಯುತ್ತಿದ್ದೇನೆ.

ಧಾರವಾಡಕ್ಕೆ ಮರಳಲು ಚಿಗರಿ ಬಸ್ಸು ಹತ್ತಿದೆವು. ಅವ್ವ ಕಿಟಕಿಯ ಪಕ್ಕ ಕುಳಿತಳು, ನನ್ನೊಡನೆ ಮಾತಿಲ್ಲ. ಬಸ್ಸಿನ ಯಂತ್ರದ ಹೆಣ್ಣುದನಿ ಮುಂದಿನ ನಿಲ್ದಾಣ ಉಣಕಲ್ ಎಂದಾಗ ಅವ್ವ "ಉಣಕಲ್ಲ ಬಂತು" ಎಂದಳು. ನವನಗರ ಎಂದಾಗ "ನವನಗರ" ಎಂದಳು. ತುಂಬಿದ ಬಸ್ಸು, ಅಳುವ ಕೂಸು, ಫೋನಿನಲ್ಲಿ ಒದರುವ ಇಬ್ಬರು; ಆದರೂ ಒಂದು ನಿಲ್ದಾಣವೂ ಅವಳ ಕಿವಿಯಿಂದ ತಪ್ಪಲಿಲ್ಲ. ಕಿವಿಯ ಡಾಕ್ಟರರ ಲೆಕ್ಕವನ್ನು ನಾನು ಅಲ್ಲಿಯೇ ಅಳಿಸಿಹಾಕಿದೆ. ಸತ್ತೂರು ದಾಟಿದ ಮೇಲೆ ಅವಳೇ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದಳು:

"ಅಲ್ಲೋ ತಮ್ಮಾ, ಕಡೀಕ ಆ ಹುಡುಗ ಅವರಪ್ಪಗ ಏನಂದಾ?"

ನನಗೆ ಗೊತ್ತಿರಲಿಲ್ಲ. ನಿಮ್ಮಲ್ಲಿ ಯಾರಾದರೂ ಬೇರೆ ಕಡೆ ಆ ಸಿನಿಮಾ ನೋಡಿದ್ದರೆ ದಯವಿಟ್ಟು ತಿಳಿಸಿ, ಅವ್ವನಿಗೆ ಹೇಳಬೇಕಾಗಿದೆ.