ಸ್ಪಷ್ಟನೆ: ಕಡಿಮೆ ಓಡಿದ್ದೆಲ್ಲ ಗಟ್ಟಿ ಕಾರಲ್ಲ

‘ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಕಾರು (ವೇಗಕ್ಕೆಂದೇ ಮಾಡಿದ ಶಕ್ತಿಶಾಲಿ ಕಾರು) ಕೊಳ್ಳುವಾಗ ಓಡೋಮೀಟರ್ (ಓಡಿದ ದೂರ ತೋರಿಸುವ ಮೀಟರ್) ನೋಡಿದರೆ ಸಾಕು’ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಸತ್ಯ. ನಿಂತ ಕಾರೂ ಹಾಳಾಗುತ್ತದೆ: ಬ್ರೇಕ್ ದ್ರವ ಗಾಳಿಯ ತೇವ ಹೀರಿಕೊಳ್ಳುತ್ತದೆ, ಎಣ್ಣೆ ಸೋರದಂತೆ ತಡೆಯುವ ಸೀಲುಗಳು ಒಣಗುತ್ತವೆ, ಟೈರಿನ ರಬ್ಬರ್ ಗಡುಸಾಗುತ್ತದೆ. (ಟೈರಿನ ಪಕ್ಕದಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದ್ದು, ಮಾರುವವರು ತಾವಾಗಿ ಹೇಳುವುದು ಅಪರೂಪ.) ಟೈಮಿಂಗ್ ಬೆಲ್ಟಿಗೆ (ಎಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಪಟ್ಟಿ) ಕಿಲೋಮೀಟರ್ ಜೊತೆಗೆ ವರ್ಷಗಳ ಗಡುವೂ ಇರುತ್ತದೆ. ಫೆರಾರಿ ಎಫ್355ರಲ್ಲಿ ಅದನ್ನು ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕು. ಬೆಲ್ಟ್ ಬದಲಿಸಿದ ಬಿಲ್ ತೋರಿಸದಿದ್ದರೆ, ಮೀಟರ್ ಎಷ್ಟೇ ಕಡಿಮೆಯಿರಲಿ, ನಾನಂತೂ ಮುಂಗಡ ಕೊಡುವುದಿಲ್ಲ.

ಹಾಗೆಂದು ಓಡಿದ ದೂರ ಲೆಕ್ಕಕ್ಕಿಲ್ಲವೆಂದಲ್ಲ. ಕ್ಲಚ್, ಸಸ್ಪೆನ್ಷನ್ ಬುಷ್‌ಗಳು (ಕುಲುಕಾಟ ತಗ್ಗಿಸುವ ರಬ್ಬರ್ ತುಂಡುಗಳು) ಓಡಿದಷ್ಟೂ ಸವೆಯುತ್ತವೆ. ಆದರೆ ಸರ್ವಿಸ್ ಬಿಲ್ಲುಗಳಲ್ಲಿನ ಅಂಕಿ ಮೀಟರಿನೊಂದಿಗೆ ತಾಳೆಯಾಗದಿದ್ದರೆ, ಆ ಮೀಟರನ್ನೇ ನಂಬುವಂತಿಲ್ಲ.